ಅಕ್ಕುವಿನ ಜಾಗ

ಬೈಲುಗುತ್ತಿನ ಧಣಿಗಳ ತಾಯಿ ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂದಾಗ ಕೂಸಪ್ಪ ಗಂಜಿಗೆ ಉಪ್ಪು ಬೆರೆಸುತ್ತಿದ್ದ. ಸುದ್ದಿ ತಂದವನು ಚೆನ್ನಪ್ಪ, ಗುತ್ತಿನ ಮನೆಯ ಆಳುಗಳ ಮೇಲೆ ಕಣ್ಣಿಡುವವನು. ಅವನು ಕಾಲನಿಯೊಳಗೆ ಕಾಲಿಡುವವನಲ್ಲ. ಕೆಳಗೆ ತೋಡಿನ ನೀರಿಗೆ ಅಡ್ಡ ಹಾಕಿದ ಮರದ ಸಂಕದ ಮೇಲೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ಕೂಸಪ್ಪಾ, ಓ ಕೂಸಪ್ಪಾ! ದೊಡ್ಡಮ್ಮ ಹೋದ್ರು. ಕೊಡಲಿ ಹಿಡ್ಕೊಂಡು ಬೇಗ ಬಾ. ಗದ್ದೆ ಬದಿಯ ಮಾವು ಕಡೀಬೇಕಂತೆ."

ಬೈಲುಗುತ್ತಿನಲ್ಲಿ ಯಾರು ಸತ್ತರೂ ಮಾವಿನ ಮರ ಕಡಿಯಬೇಕಾದವನು ಕೂಸಪ್ಪ. ಅವನಿಗಿಂತ ಮೊದಲು ಅವನ ಅಪ್ಪ, ಅದಕ್ಕಿಂತ ಮೊದಲು ಅಜ್ಜ. ಮರ ಕಡಿಯಬೇಕು, ಸೀಳಬೇಕು, ಹೊತ್ತು ತರಬೇಕು, ಚಿತೆ ಒಟ್ಟಬೇಕು. ಒಟ್ಟಿ ಮುಗಿದ ಕೂಡಲೇ ಗದ್ದೆಯ ಆಚೆ ಬದುವಿಗೆ ಹೋಗಿ ನಿಲ್ಲಬೇಕು. ಅದಕ್ಕೆ ಒಂದಿಷ್ಟು ಅಕ್ಕಿ, ತೆಂಗಿನಕಾಯಿ, ಒಂದು ಬಾಟ್ಲಿ ಸಾರಾಯಿ. ಅದು ಕೂಲಿಯಲ್ಲ, ಕೂಸಪ್ಪನ ಮನೆಯವರ ಹಕ್ಕು ಎಂದು ಗುತ್ತಿನವರು ಹೇಳುತ್ತಾರೆ. ಹಕ್ಕಂತೆ! ಬೇಡ ಎನ್ನಲು ಆಗದ್ದನ್ನು ಹಕ್ಕು ಎಂದು ಕರೆಯುವುದನ್ನು ಈ ಊರಲ್ಲೇ ಕೇಳಬೇಕು.

ಕೂಸಪ್ಪ ಗಂಜಿ ಬಿಟ್ಟು ಎದ್ದ. ಬಾಗಿಲ ಬಳಿ ಮಗಳು ವಾರಿಜಾಕ್ಷಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಅಪ್ಪ, ಕೂತು ಗಂಜಿ ಕುಡಿ."

"ದೊಡ್ಡಮ್ಮ ಹೋದ್ರಂತೆ ಮಗಾ."

"ಕೇಳಿತು. ಕೂತು ಕುಡಿ. ಇವತ್ತು ಕೊಡಲಿ ಈ ಕಾಲನಿಯಿಂದ ಇಳಿಯುದಿಲ್ಲ."

ವಾರಿಜಳಿಗೆ ಸಿಟ್ಟು ಬಂದದ್ದು ಆ ದಿನವಲ್ಲ. ಅದು ಹಳೆಯದು.

ಕಾಲನಿಯವರು ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಊರಿನ ಹೆಣಗಳಿಗೆಲ್ಲ ಕಟ್ಟಿಗೆ ಒಡೆದುಕೊಟ್ಟವರಿಗೆ ತಮ್ಮ ಹೆಣಕ್ಕೆ ಕಟ್ಟಿಗೆ ಇರಲಿಲ್ಲ. ಹೂಳುತ್ತಿದ್ದದ್ದು ಬೈಲುಗುತ್ತಿನ ಜಾಗದ ಮೇಲಿನ ಗುಡ್ಡೆಯಲ್ಲಿ. ಗುಡ್ಡೆ ಸರಕಾರದ್ದೇ. ಆದರೆ ಗುತ್ತಿನ ಪಟ್ಟಾ ಜಾಗಕ್ಕೆ ತಾಗಿಕೊಂಡಿರುವುದರಿಂದ ಅದು ಅವರ ಕುಮ್ಕಿ. ಅಲ್ಲಿನ ಸೊಪ್ಪು, ಸೌದೆ, ಹುಲ್ಲು ಅವರಿಗೆ. ಸೊಪ್ಪಿನ ಜತೆಗೆ ಮಣ್ಣೂ ತಮ್ಮದೇ ಎಂದು ಅವರು ಯಾವಾಗ ತಿಳಿದುಕೊಂಡರೋ ಯಾರಿಗೂ ಗೊತ್ತಾಗಲಿಲ್ಲ. ಕಡಬ, ನೆಲ್ಯಾಡಿ ಕಡೆ ಕೇರಳದಿಂದ ಬಂದವರು ಗುಡ್ಡೆಗುಡ್ಡೆಗೂ ರಬ್ಬರ್ ಇಟ್ಟದ್ದನ್ನು ಕಂಡು ಬೈಲುಗುತ್ತಿನ ತ್ಯಾಂಪಣ್ಣ ಧಣಿಗಳಿಗೂ ಆಸೆ ಹುಟ್ಟಿತು. ರಬ್ಬರಿನ ಕೆಲಸ ಬಲ್ಲ ಔತ ಎಂಬವನನ್ನು ಕಡಬದಿಂದ ಕರೆಸಿದರು. ಔತ ಹಗ್ಗ ಹಿಡಿದು ಸಾಲು ಎಳೆದ, ಗೂಟ ಹೊಡೆದ. ಗೂಟ ಹೊಡೆದಲ್ಲೆಲ್ಲ ಗುಂಡಿ ತೋಡಿದವನು ಕೂಸಪ್ಪ.

ಹೌದು, ಅವನೇ. ಬೇರೆ ಯಾರು ತೋಡಬೇಕು? ಭೂಮಸೂದೆ ಬಂದಾಗ ಗೇಣಿದಾರರಿಗೆ ಗದ್ದೆ ಬಂತು. ಕೂಸಪ್ಪ ಗೇಣಿದಾರನಲ್ಲ, ಆಳು. ಆಳಿಗೆ ಬಂದದ್ದು ಐದು ಸೆಂಟ್ಸ್, ಅದೂ ಪಾದೆಕಲ್ಲಿನ ಮೇಲೆ. ಕರೆದವರ ಕೆಲಸಕ್ಕೆ ಹೋಗದಿದ್ದರೆ ಆ ಐದು ಸೆಂಟ್ಸಿನಲ್ಲಿ ಬೇಯಿಸಲು ಕಲ್ಲಲ್ಲದೆ ಬೇರೆ ಇರಲಿಲ್ಲ.

ಬೇಸಗೆಯ ಬಿಸಿಲಲ್ಲಿ ತೋಡುತ್ತಿದ್ದಾಗ ಪಿಕ್ಕಾಸಿಗೆ ಏನೋ ತಾಗಿತು. ಕಲ್ಲಿನ ಸದ್ದು ಬೇರೆ, ಎಲುಬಿನ ಸದ್ದು ಬೇರೆ. ಕೂಸಪ್ಪ ಕೂತು, ಕೈಯಲ್ಲೇ ಮಣ್ಣು ಸರಿಸಿ, ಎಲುಬನ್ನು ಹೆಕ್ಕಿ ಬುಟ್ಟಿಯಲ್ಲಿಟ್ಟು ಮೇಲೆ ಸೊಪ್ಪು ಮುಚ್ಚಿದ. ಮತ್ತೊಂದು ಗುಂಡಿ, ಮತ್ತೆ ಎಲುಬು. ಯಾರ ಮೊಣಕಾಲು, ಯಾರ ತಲೆ, ತಿಳಿಯಲಿಲ್ಲ. ಅಪ್ಪನದೂ ಇದ್ದಿರಬೇಕು. ಸಂಜೆಯಾದಾಗ ಬುಟ್ಟಿಯನ್ನು ಹೆಂಡತಿ ಅಕ್ಕುವನ್ನು ಹೂತ ಜಾಗಕ್ಕೆ ಹೊತ್ತೊಯ್ದು, ಅವಳ ಮೇಲಿನ ಮಣ್ಣು ಸ್ವಲ್ಪ ತೆಗೆದು ಎಲ್ಲವನ್ನೂ ಅಲ್ಲೇ ಇಟ್ಟ. ಅಕ್ಕು ಹೋಗಿ ಹೆಚ್ಚು ವರ್ಷ ಆಗಿರಲಿಲ್ಲ. ನಾಟಿ ಗದ್ದೆಯಿಂದ ಚಳಿಜ್ವರ ಹೊತ್ತು ಬಂದವಳು ಪುತ್ತೂರಿನ ಆಸ್ಪತ್ರೆ ಕಾಣುವ ಮೊದಲೇ ಹೋಗಿಬಿಟ್ಟಿದ್ದಳು. ತೋಡುವ ಕೆಲಸ ಮುಗಿಯುವ ತನಕ ಕೂಸಪ್ಪ ದಿನಾ ಸಂಜೆ ಹೀಗೇ ಮಾಡಿದ. ಒಂದು ಚೂರೂ ಮಣ್ಣಲ್ಲಿ ಬಿಡಲಿಲ್ಲ. ಯಾರದೋ ಕಾಲಿಗೆ ಸಿಕ್ಕಿ ತುಳಿದುಹೋಗಬಾರದು ಎಂಬುದೊಂದೇ ಅವನ ಯೋಚನೆ.

ಕೊನೆಗೆ ಔತನ ಗೂಟ ಅಕ್ಕುವಿನ ಮೇಲೆಯೇ ಬಂತು.

"ಇಲ್ಲಿ ಬೇಡ. ಅಡಿಯಲ್ಲಿ ಪಾದೆ ಉಂಟು," ಎಂದ ಕೂಸಪ್ಪ.

ಔತ ಅವನನ್ನು ನೋಡಿದ. ಸೊಪ್ಪು ಮುಚ್ಚಿದ ಬುಟ್ಟಿಯನ್ನು ನೋಡಿದ. ಕುತ್ತಿಗೆಯ ಶಿಲುಬೆಯನ್ನು ಬೆರಳಲ್ಲಿ ಮುಟ್ಟಿಕೊಂಡು ಗೂಟ ಕಿತ್ತ. "ಪಾದೆ ಉಂಟಾದ್ರೆ ಬಿಡು," ಎಂದ. ಹಾಗೆ ಇಡೀ ಗುಡ್ಡೆ ರಬ್ಬರಾಯಿತು, ಒಂದು ಕಡೆ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಉಳಿಯಿತು.

ಆಮೇಲೆ ಸತ್ತವರನ್ನೆಲ್ಲ ಹೊಳೆ ಬದಿಯ ಹೊಯಿಗೆಯಲ್ಲಿ, ಸಡಿಲ ಮರಳಿನಲ್ಲಿ, ಹೂಳಬೇಕಾಯಿತು. ಕಳೆದ ವರ್ಷದ ಆಟಿ ತಿಂಗಳಲ್ಲಿ ಹೊಳೆ ತುಂಬಿ ಬಂದು, ಆಗಷ್ಟೇ ಹೂತಿದ್ದ ಮುದುಕಿಯೊಬ್ಬಳ ಹೆಣವನ್ನು ಎಬ್ಬಿಸಿ ಒಯ್ದು ಕೆಳಗಿನ ತೋಟದವರ ಪಂಪಿನ ಹತ್ತಿರ ಸಿಕ್ಕಿಸಿತು. ನೀರು ಕೆಟ್ಟಿತೆಂದು ಊರು ಬೊಬ್ಬೆ ಹೊಡೆಯಿತು. ಮುದುಕಿಯ ಮೊಮ್ಮಗ ದೇವದಾಸ ಹೊಳೆಗಿಳಿದು ಹೆಣವನ್ನು ಬಿಡಿಸಿ ತಂದ. ಕೊನೆಗೆ ತಪ್ಪುಕಾಣಿಕೆ ಹಾಕಬೇಕಾಗಿ ಬಂದದ್ದೂ ಅವನಿಗೇ. ಹೆಣ ತೇಲಿ ಬಂದದ್ದು ಹೆಣದವರ ತಪ್ಪು!

ವಾರಿಜಳಿಗೆ ಸಿಟ್ಟು ಬಂದದ್ದು ಆ ದಿನ. ಬೀಡಿ ಕೊಡಲು ಬೆಳ್ಳಾರೆಗೆ ಹೋಗುತ್ತಿದ್ದವಳು ಅಲ್ಲಿನ ಬೀಡಿ ಸಂಘದಲ್ಲಿ ಎದ್ದು ನಿಂತು ಮಾತಾಡಲು ಕಲಿತಿದ್ದಳು. ಎಂಬತ್ತೇಳರಲ್ಲಿ ಮಂಡಲ ಪಂಚಾಯತಿಗೆ ಚುನಾವಣೆ ಬಂತು. ಕಾಲನಿಯವರಿಗೆಂದು ಮೀಸಲಿಟ್ಟ ಸೀಟಿಗೆ ಧಣಿಗಳು ತಮ್ಮ ಮಾತು ಕೇಳುವ ಒಬ್ಬನನ್ನು ನಿಲ್ಲಿಸಿದರು. ಸಂಘದವರು ವಾರಿಜಳನ್ನು ನಿಲ್ಲಿಸಿದರು. ಜೀಪಿಗೆ ಕಟ್ಟಿದ ಮೈಕಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಬದುಕಿರುವಾಗ ನಮಗೆ ಜಾಗ ಕೊಡ್ಲಿಲ್ಲ. ಸತ್ತ ಮೇಲಾದ್ರೂ ಕೊಡಿ." ಕೂಸಪ್ಪ ಹೆದರಿ ಗುಡಿಸಲಿನ ಹಿಂದೆ ಹೋಗಿ ಕೂತಿದ್ದ.

ಅವಳು ಗೆದ್ದಳು. ಆ ಸಂಜೆ ಕಾಲನಿಯ ಹುಡುಗರು ಡೋಲು ಬಡಿದರು. ಯಾರೂ ಕರೆಸಿ ಬಡಿಸಿದ್ದಲ್ಲ, ತಮಗಾಗಿ ತಾವೇ ಬಡಿದದ್ದು. "ಇನ್ನು ನೋಡು ಅಪ್ಪ, ಎಲ್ಲ ಸರಿಯಾಗ್ತದೆ," ಎಂದಳು ವಾರಿಜ. ಕೂಸಪ್ಪ ಅತ್ತ. ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ಮಂಡಲಕ್ಕೆ ಪ್ರಧಾನರಾದವರು ತ್ಯಾಂಪಣ್ಣ ಧಣಿಗಳೇ. ಇನ್ನಾರು ಆಗುತ್ತಾರೆ? ಮೊದಲ ಸಭೆಗೆ ವಾರಿಜ ಹೋದಾಗ ಕುರ್ಚಿ ಒಂದು ಕಡಿಮೆ ಬಿತ್ತು. ಬಾಗಿಲ ಹತ್ತಿರ, ದೂರು ಹೇಳಲು ಬರುವವರು ಕೂರುವ ಬೆಂಚಿನಲ್ಲಿ ಕೂತಳು. ಮುಂದಿನ ಸಭೆಯಲ್ಲೂ ಒಂದು ಕಡಿಮೆ ಬಿತ್ತು. ಆಮೇಲೆ ಅವಳು ಕುರ್ಚಿ ಹುಡುಕುವುದನ್ನು ಬಿಟ್ಟು ನೆಟ್ಟಗೆ ಬೆಂಚಿಗೆ ಹೋಗತೊಡಗಿದಳು. ಸ್ಮಶಾನದ ಮಾತು ಎತ್ತಿದಾಗಲೆಲ್ಲ ಪ್ರಧಾನರು ಮುಖದಲ್ಲಿ ನಗು ಇಟ್ಟುಕೊಂಡೇ "ಮುಂದಿನ ಸಭೆಗೆ ನೋಡುವ," ಎನ್ನುತ್ತಿದ್ದರು.

ಹೀಗಿರುವಾಗ ಸೋಣ ತಿಂಗಳಲ್ಲಿ ದೊಡ್ಡಮ್ಮ ತೀರಿಕೊಂಡದ್ದು.

ಚೆನ್ನಪ್ಪ ಮತ್ತೆ ಮತ್ತೆ ಬಂದು ಕೂಗಿದ. ಕಾಲನಿಯಿಂದ ಯಾರೂ ಓಗೊಡಲಿಲ್ಲ. ದೇವದಾಸ ಮತ್ತು ಉಳಿದ ಹುಡುಗರು ಕೆಂಪುಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಕೂಸಪ್ಪ ಒಳಗೆ ಕೂತಿದ್ದ. ಮೈಯೆಲ್ಲ ಚಡಪಡಿಕೆ. ಹೆಣ ಬಿದ್ದಿದೆ, ಕಟ್ಟಿಗೆ ಇಲ್ಲ. ಹೀಗೆ ಅವನ ಆಯುಷ್ಯದಲ್ಲಿ ಆದದ್ದಿಲ್ಲ. ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂಬುದು ಅವನಿಗೂ ಗೊತ್ತು, ವಾರಿಜಳಿಗೂ ಗೊತ್ತು.

ಮಧ್ಯಾಹ್ನ ಧಣಿಗಳೇ ಬಂದರು. ಬರಿಮೈ, ಬರಿಗಾಲು, ಒದ್ದೆ ಪಂಚೆ. ಧಣಿಗಳ ಕಾಲು ಕಾಲನಿಯ ಅಂಗಳಕ್ಕೆ ಬಿದ್ದದ್ದು ಅದೇ ಮೊದಲು. ಚುನಾವಣೆಗೂ ಸಂಕದ ಆಚೆಯಿಂದಲೇ ಕೈಮುಗಿದು ಹೋಗಿದ್ದರು. ಕಾಲನಿಯಲ್ಲಿ ಯಾರ ಮನೆಯಲ್ಲೂ ಕುರ್ಚಿ ಇರಲಿಲ್ಲ. ಹಾಗಾಗಿ ಆ ದಿನ ಧಣಿಗಳಿಗೂ ಕುರ್ಚಿ ಕಡಿಮೆ ಬಿತ್ತು.

"ಎಂತ ಇದು ಕೂಸಪ್ಪ? ಅಮ್ಮ ಚಾವಡಿಯಲ್ಲಿ ಮಲಗಿದ್ದಾರೆ. ಮಂಗಳೂರಿಂದ ಜನ ಬಂದಾಯ್ತು. ನನ್ನ ಮುಖಕ್ಕೆ ಮಸಿ ಬಳೀತೀಯಾ?"

ಕೂಸಪ್ಪ ಹೊರಗೆ ಬಂದು ಸೊಂಟ ಬಗ್ಗಿಸಿ ನಿಂತ. ಮಾತಾಡಿದವಳು ವಾರಿಜ. "ಪ್ರಧಾನರೇ, ನಮ್ಮ ಜಾಗದ ವಿಷಯ ಎಂತಾಯ್ತು?"

"ಅದು ಮಾತಾಡುವ ದಿನವಾ ಮಗಳೇ ಇವತ್ತು?"

"ದೇವದಾಸನ ಅಜ್ಜಿ ಪಂಪಿನ ಹತ್ರ ಸಿಕ್ಕಿಬಿದ್ದ ದಿನ ಕೂಡ ನೀವು ಇದನ್ನೇ ಹೇಳಿದ್ದು."

ಧಣಿಗಳ ಕಣ್ಣಲ್ಲಿ ನೀರು ಬಂತು. ಅದು ನಾಟಕದ ನೀರಲ್ಲ. ತಾಯಿ ಸತ್ತರೆ ಯಾರಿಗಾದರೂ ನೀರು ಬರುತ್ತದೆ.

"ಕೂಸಪ್ಪ, ನಿನ್ನ ಮದುವೆಗೆ ಅಕ್ಕುವಿಗೆ ಸೀರೆ ಕೊಟ್ಟದ್ದು ಯಾರು? ನೆನಪುಂಟಾ?"

ನೆನಪಿತ್ತು. ಅಂಚು ಹರಿದ ಸೀರೆ. ದೊಡ್ಡಮ್ಮ ಅದನ್ನು ಅಂಗಳದಿಂದ ಕೆಳಕ್ಕೆ ಎಸೆದಿದ್ದರು, ಕೂಸಪ್ಪ ಎರಡೂ ಕೈಯಲ್ಲಿ ಹಿಡಿದಿದ್ದ. ಅಕ್ಕು ಅದನ್ನು ಉಟ್ಟು ಚೆಂದ ಕಂಡಿದ್ದಳು.

"ಅಮ್ಮನ ಹೆಣ ಮನೆಯಲ್ಲಿ ಇಟ್ಕೊಂಡು ಹೇಳ್ತೇನೆ ಕೇಳು," ಎಂದರು ಧಣಿಗಳು. "ಆ ಗುಡ್ಡೆಯಲ್ಲಿ ನಿಮ್ಮವರನ್ನು ಹೂತದ್ದು ಹೌದು ಅಂತ ಕಂಡ್ರೆ ಗುಡ್ಡೆ ನಿಮ್ಮದು. ಅಮ್ಮನ ಬೊಜ್ಜದ ಕ್ರಿಯೆ ಕಳೀಲಿ, ಸರ್ವೆಯವರನ್ನು ನಾನೇ ಕರೆಸ್ತೇನೆ."

"ಅದನ್ನೇ ಬರೆದು ಸಹಿ ಹಾಕಿ ಕೊಡಿ," ಎಂದಳು ವಾರಿಜ. "ಕೊಡಲಿ ಈಗಲೇ ಇಳೀತದೆ."

ಕೂಸಪ್ಪನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. "ಬಾಯಿ ಮುಚ್ಚು! ಹೆಣ ಇಟ್ಕೊಂಡವರ ಹತ್ರ ಕಾಗದ ಕೇಳುದಾ?" ಎಂದು ಮಗಳ ಮೇಲೆ ಹರಿಹಾಯ್ದ. ಧಣಿಗಳು ಅಳತೆಯಲ್ಲಿ ಸುಳ್ಳು ಹೇಳಬಹುದು, ಗಡಿಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಬಹುದು. ಹೆತ್ತ ತಾಯಿಯ ಹೆಣ ಇಟ್ಟುಕೊಂಡು ಯಾರಾದರೂ ಸುಳ್ಳು ಹೇಳುತ್ತಾರೆಯೇ? ಅವನ ಮಂಡೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಕೊಡಲಿ ಹೆಗಲಿಗೇರಿತು.

"ಅಪ್ಪಾ, ಒಂದು ದಿನ," ಎಂದಳು ವಾರಿಜ. "ಜನ್ಮದಲ್ಲಿ ಒಂದು ದಿನ ಇಲ್ಲ ಅಂತ ಹೇಳು."

ಕೂಸಪ್ಪ ಧಣಿಗಳ ಹಿಂದೆ, ಬೇಕಾದಷ್ಟು ದೂರ ಬಿಟ್ಟು, ಸಂಕ ದಾಟಿದ.

ಬೇರೆ ದಿನಗಳಲ್ಲಿ ಹುಡುಗರು ಜತೆಗಿರುತ್ತಿದ್ದರು. ಆ ದಿನ ಒಬ್ಬನೂ ಬರಲಿಲ್ಲ. ಮಳೆ ಹನಿಯುತ್ತಿತ್ತು. ಒದ್ದೆ ಮರ ಕೊಡಲಿಯನ್ನು ಕಚ್ಚಿ ಹಿಡಿಯುತ್ತದೆ. ಪ್ರತಿ ಪೆಟ್ಟಿಗೂ ಕೀಳಬೇಕು, ಎತ್ತಬೇಕು, ಮತ್ತೆ ಹೊಡೆಯಬೇಕು. ಹಿಡಿ ಜಾರಿ ಅಂಗೈಯ ಚರ್ಮ ಎದ್ದಿತು. ಬೆನ್ನು ಹಿಡಿಯಿತು. ಚೆನ್ನಪ್ಪ ಕೊಡೆ ಹಿಡಿದು ನಿಂತು "ಬೇಗ, ಬೇಗ ಮಾರಾಯ," ಎನ್ನುತ್ತಿದ್ದ. ಮರ ಉರುಳಿದ ಮೇಲೆ ಸೀಳುವುದು. ಸೀಳಿದ ಮೇಲೆ ಹೊರುವುದು. ಹಸಿ ಮಾವಿನ ತುಂಡು ಹೆಗಲಿನ ಮಾಂಸಕ್ಕೆ ಇಳಿಯುತ್ತದೆ. ಹೆಗಲಿನಿಂದ ನೀರು ಇಳಿಯುತ್ತಿತ್ತು; ಮಳೆಯದೋ ಬೆವರೋ ರಕ್ತವೋ, ನೋಡಲು ಪುರುಸೊತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಚಿತೆ ಒಟ್ಟಿ ಮುಗಿಸಿ ಆಚೆ ಬದುವಿಗೆ ಹೋಗಿ ನಿಂತ.

ಬೆಂಕಿ ಎದ್ದಿತು. ಒಳ್ಳೆಯ ಚಿತೆ, ಎಲ್ಲೂ ಕುಸಿಯಲಿಲ್ಲ. ಕೂಸಪ್ಪ ಕೈಮುಗಿದ. ಚೆನ್ನಪ್ಪ ಅಕ್ಕಿ, ಕಾಯಿ, ಬಾಟ್ಲಿಯನ್ನು ಬದುವಿನ ಮೇಲೆ ಇಟ್ಟು ಹಿಂದೆ ಸರಿದ.

ಮನೆಗೆ ಬಂದಾಗ ಬೆಳಗ್ಗಿನ ಗಂಜಿ ಹಾಗೆಯೇ ಇತ್ತು.

ಧಣಿಗಳು ಮಾತು ತಪ್ಪಲಿಲ್ಲ. ಅದೇ ನೋಡಿ ವಿಶೇಷ. ಬೊಜ್ಜ ಕಳೆದ ಮೇಲೆ ಸರ್ವೆಯವನನ್ನು ಕರೆಸಿಯೇ ಕರೆಸಿದರು. ಕಾಲನಿಗೆ ಕಾಲನಿಯೇ ಗುಡ್ಡೆಗೆ ಹೋಯಿತು. ಮಕ್ಕಳೂ ಇದ್ದರು. ಹುಡುಗರು ಸ್ಮಶಾನದ ಬೇಲಿಗೆ ಯಾವ ಗಿಡ ಹಾಕುವುದೆಂದು ದಾರಿಯುದ್ದಕ್ಕೂ ಮಾತಾಡಿದರು. ವಾರಿಜ ಅಪ್ಪನ ಮೇಲಿನ ಸಿಟ್ಟು ಮರೆತು ಅವನ ಕೈ ಹಿಡಿದುಕೊಂಡು ಹತ್ತಿದಳು. ಕೂಸಪ್ಪನಿಗೆ ಗೆದ್ದ ಹಾಗಾಗಿತ್ತು.

ರಬ್ಬರ್ ಮರಗಳು ದಪ್ಪವಾಗಿದ್ದವು. ಹಾಲು ತೆಗೆಯುವ ಹೊತ್ತು ಬಂದಿತ್ತು. ಔತ ತೊಗಟೆಗೆ ಗುರುತು ಹಾಕುತ್ತ ಅಲ್ಲೇ ಇದ್ದ.

"ಎಲ್ಲಿ? ಕಲ್ಲು ಇಲ್ಲ, ದಿಬ್ಬ ಇಲ್ಲ," ಎಂದ ಸರ್ವೆಯವನು.

"ಈ ಗುಂಡಿಗಳನ್ನೆಲ್ಲ ತೋಡಿದ್ದು ಯಾರು ಅಂತ ಕೇಳಿ ಸಾರ್," ಎಂದರು ಧಣಿಗಳು ಮೆಲ್ಲಗೆ.

"ನಾನೇ ಸ್ವಾಮಿ," ಎಂದ ಕೂಸಪ್ಪ.

"ತೋಡುವಾಗ ಎಂತಾದ್ರೂ ಸಿಕ್ಕಿತ್ತಾ?"

"ಎಲುಬು ಸಿಕ್ಕಿತ್ತು."

"ಯಾರಿಗೆ ಹೇಳಿದ್ದಿ?"

"ಯಾರಿಗೂ ಹೇಳ್ಲಿಲ್ಲ ಸ್ವಾಮಿ."

"ನಿನ್ನ ಅಪ್ಪನನ್ನು ಹೂತ ಜಾಗ ಅಂತ ಗೊತ್ತಿದ್ದೂ ಗುಂಡಿ ತೋಡಿದೆಯಾ?" ಸರ್ವೆಯವನು ಚುಚ್ಚಲು ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಕರೆದ್ರು ಸ್ವಾಮಿ. ಹೋದೆ."

ಹುಡುಗರು ನೆಲ ನೋಡಿದರು. ವಾರಿಜ ಔತನ ಕಡೆ ತಿರುಗಿದಳು. "ಔತಣ್ಣ, ನೀವು ನೋಡಿದ್ದೀರಿ. ನೀವು ಹೇಳಿ."

ಔತನ ಕೈ ಶಿಲುಬೆಗೆ ಹೋಯಿತು. ಅವನ ಕೂಲಿಯೂ ಧಣಿಗಳ ಕೈಯಿಂದಲೇ ಬರಬೇಕು. "ನಾನು ಹಗ್ಗ ಹಿಡಿದದ್ದು ಮಾತ್ರ ಮೋಳೆ, ಮಗಳೇ. ಅಡಿಯಲ್ಲಿ ಎಂತ ಉಂಟೂಂತ ನಂಗೆ ಗೊತ್ತಿಲ್ಲ."

ಆಗ ಕೂಸಪ್ಪ ಖಾಲಿ ಜಾಗ ತೋರಿಸಿದ. "ಇಲ್ಲಿ ನನ್ನ ಹೆಂಡತಿ ಇದ್ದಾಳೆ."

"ಅಲ್ಲಿ ಪಾದೆ ಉಂಟು ಅಂತ ಹೇಳಿದ್ದು ಇವನೇ," ಎಂದರು ಧಣಿಗಳು.

"ಸುಳ್ಳು ಹೇಳಿದ್ದೆ ಧಣಿಗಳೇ."

"ಹಾಗಾದ್ರೆ ತೋಡಿ ತೋರಿಸು," ಎಂದ ಸರ್ವೆಯವನು.

ಕೂಸಪ್ಪನ ಕೈ ಏಳಲಿಲ್ಲ. ಊರಿನ ಗುಂಡಿಗಳನ್ನೆಲ್ಲ ತೋಡಿದ ಕೈ ಅದು. ದೇವದಾಸನ ಕೈಯಿಂದ ಪಿಕ್ಕಾಸು ಕಿತ್ತುಕೊಂಡು ವಾರಿಜಳೇ ತೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಅವ್ವನ ಮೇಲಿನ ಮಣ್ಣು ಅಗೆದಳು. ಕೂಸಪ್ಪ ಬೆನ್ನು ತಿರುಗಿಸಿ ಕೂತ.

"ಸಿಕ್ಕಿತು!" ಎಂದು ದೇವದಾಸ ಕೂಗಿದ. ಜನ ಹೋ ಎಂದರು. ಸತ್ತವರ ಎಲುಬು ಕಂಡು ಮಕ್ಕಳು ಕುಣಿದರು. ದೇವರೇ, ಎಂಥ ಸಂತೋಷ ಅದು.

ಸರ್ವೆಯವನು ಬಗ್ಗಿ ಕೋಲಿನಿಂದ ಸರಿಸಿದ. ಅವನ ಹುಬ್ಬು ಗಂಟಿಕ್ಕಿತು. "ಎಷ್ಟು ತಲೆ ಉಂಟು ಇದ್ರಲ್ಲಿ? ಹೆಣ ಹೂತದ್ದಾದ್ರೆ ಒಬ್ಬನ ಎಲುಬು ಉದ್ದಕ್ಕೆ ಒಂದು ಕಡೆ ಇರ್ತದೆ. ಇದು ಎಲ್ಲಿಂದಲೋ ತಂದು ರಾಶಿ ಹಾಕಿದ್ದು."

"ಹೌದು ಸ್ವಾಮಿ, ನಾನೇ ತಂದು ಹಾಕಿದ್ದು!" ಎಂದು ಕೂಸಪ್ಪ ಎದ್ದು ಬಂದ. ಕಡೆಗೂ ಒಬ್ಬರಿಗೆ ಅರ್ಥವಾಯಿತಲ್ಲ ಎಂದು ಅವನ ಮುಖ ಅರಳಿತ್ತು. "ಎಲ್ಲ ಗುಂಡಿಯಿಂದ ಹೆಕ್ಕಿ ಇಲ್ಲಿ ತಂದಿಟ್ಟೆ. ಯಾರೂ ತುಳೀಬಾರದು ಅಂತ."

"ಕೇಳಿದ್ರಲ್ಲ ಸಾರ್," ಎಂದರು ಧಣಿಗಳು. "ಇವನೇ ತಂದು ಹಾಕಿದ್ದಂತೆ. ಹೊಳೆ ಬದಿಯಲ್ಲಿ ಹುಡುಕಿದ್ರೆ ಬೇಕಾದಷ್ಟು ಸಿಗ್ತದೆ."

ವಾರಿಜ ಕಿರುಚಿದಳು. ಹಾಗಲ್ಲ, ಇದು ರಬ್ಬರ್ ಇಡುವಾಗಿನದು ಎಂದಳು. ಬೇರೆ ಕಡೆ ತೋಡಿ ತೋರಿಸುತ್ತೇವೆ ಎಂದಳು. ಹುಡುಗರು ಮರಗಳ ನಡುವೆ ಅಲ್ಲಿ ಇಲ್ಲಿ ಅಗೆದರು. ಬೇರು ಸಿಕ್ಕಿತು, ಕೆಂಪು ಮಣ್ಣು ಸಿಕ್ಕಿತು. ಕೂಸಪ್ಪ ಒಂದು ಚೂರೂ ಬಿಟ್ಟಿರಲಿಲ್ಲವಲ್ಲ. ಸರ್ವೆಯವನು ಬರೆದುಕೊಂಡು ಕೊಡೆ ಬಿಡಿಸಿದ.

"ಮಾತು ಕೊಟ್ಟಿದ್ದೆ, ಕರೆಸಿದೆ," ಎಂದರು ಧಣಿಗಳು. "ಇದ್ದಿದ್ರೆ ಕೊಡ್ತಿದ್ದೆ." ಹೊರಟವರು ತಿರುಗಿ ಗುಂಡಿಯನ್ನು ನೋಡಿದರು. "ಪಾದೆ ಇಲ್ಲಾಂತ ಗೊತ್ತಾಯ್ತಲ್ಲ. ಹೇಗೂ ಗುಂಡಿ ಆಗಿದೆ. ನಾಳೆ ಬಂದು ಒಂದು ಸಸಿ ನೆಡು ಕೂಸಪ್ಪ. ಈ ಕಸವನ್ನೆಲ್ಲ ಹೊಳೆಗೆ ಹಾಕು."

"ಇಲ್ಲ," ಎಂದ ಕೂಸಪ್ಪ.

"ಎಂತ?"

"ನೆಡುದಿಲ್ಲ ಧಣಿಗಳೇ."

ದನಿ ಗಟ್ಟಿಯಾಗಿರಲಿಲ್ಲ. ಗುಡುಗೂ ಬರಲಿಲ್ಲ, ಸಿಡಿಲೂ ಹೊಡೆಯಲಿಲ್ಲ. ಧಣಿಗಳಿಗೆ ಸಿಟ್ಟು ಕೂಡ ಬರಲಿಲ್ಲ. "ಬೇಡದಿದ್ರೆ ಬಿಡು. ಮಂಡೆಕೋಲು ಕಡೆಯಿಂದ ಜನ ಬರ್ತಾರೆ," ಎಂದು ಇಳಿದುಹೋದರು. ಮರುದಿನ ಮಂಡೆಕೋಲಿನವರು ಬಂದರು, ಸಸಿ ನೆಟ್ಟರು. ಆ ಬೆಳಗ್ಗಿನಿಂದ ಸಂಕದ ಮೇಲೆ ನಿಂತು ಕೂಸಪ್ಪನನ್ನು ಯಾರೂ ಕೂಗಲಿಲ್ಲ. ಹೇಳಬೇಕಾದ ಮಾತನ್ನು ಮೊದಲ ಗುಂಡಿಯಲ್ಲೇ ಹೇಳಬೇಕಿತ್ತು. ಹೇಳಿದ್ದರೆ ಗುಡ್ಡೆ ಉಳಿಯುತ್ತಿತ್ತೋ ಇಲ್ಲವೋ, ಅದನ್ನು ಹೊಟ್ಟೆ ತುಂಬಿದವರು ಕೂತು ಚರ್ಚಿಸಲಿ.

ಆ ದಿನ ಎಲ್ಲರೂ ಇಳಿದುಹೋದ ಮೇಲೆ ಗುಡ್ಡೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ವಾರಿಜ ಮಣ್ಣಾದ ಕೈಯಲ್ಲೇ ಮುಖ ಮುಚ್ಚಿಕೊಂಡಳು.

"ಯಾಕಪ್ಪ ಒಟ್ಟು ಮಾಡಿದೆ? ಇದ್ದಲ್ಲೇ ಬಿಟ್ಟಿದ್ರೆ ಇವತ್ತು ಎಲ್ಲ ಕಡೆ ಸಿಗ್ತಿತ್ತಲ್ಲ."

"ತುಳೀತಾರೆ ಮಗಾ," ಎಂದ ಕೂಸಪ್ಪ.

ಎಲುಬುಗಳನ್ನೆಲ್ಲ ಬೀಳಿನ ಬಳ್ಳಿಯಲ್ಲಿ ಹೆಣೆದ ಬುಟ್ಟಿಗೆ ತುಂಬಿ ಮನೆಗೆ ತಂದರು. ಹೊಳೆಗೆ ಹಾಕಲು ಮನಸ್ಸಾಗಲಿಲ್ಲ. ಮನೆಯ ಸುತ್ತಲಿನ ಪಾದೆಯನ್ನು ಅಗೆಯಲು ಆಗುವುದಿಲ್ಲ. ಬುಟ್ಟಿಯನ್ನು ಗುಡಿಸಲಿನ ಜಂತಿಗೆ ಕಟ್ಟಿದರು. ಕೆಳಗೆ ಅಡುಗೆ ಮಾಡಿದರು, ಉಂಡರು, ಮಲಗಿದರು. ಗಾಳಿಗೆ ಬುಟ್ಟಿ ತೂಗಿದಾಗ ಒಳಗಿನಿಂದ ಸಣ್ಣ ಸದ್ದು ಬರುತ್ತಿತ್ತು. ಡೋಲು ಬಡಿದಿದ್ದ ಹುಡುಗರಲ್ಲಿ ಕೆಲವರು ಕೆಲಸ ಹುಡುಕಿ ಗುಂಡ್ಯದ ಕಡೆ ಹೋದರು. ದೇವದಾಸ ಧಣಿಗಳ ರಬ್ಬರಿಗೆ ಹಾಲು ತೆಗೆಯಲು ಸೇರಿದ. ಎದುರು ಸಿಕ್ಕಿದರೆ ಮುಖ ತಿರುಗಿಸುತ್ತಿದ್ದ. ಅವನನ್ನು ಬೈಯಲು ಕೂಸಪ್ಪನಿಗೆ ಬಾಯಿ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ವಾರಿಜ ಕಟ್ಟುವ ಬೀಡಿಯಿಂದ.

ಮುಂದಿನ ಸಭೆಯ ದಿನ ವಾರಿಜ ಬುಟ್ಟಿ ಇಳಿಸಿದಳು. ತಲೆಯ ಮೇಲಿಟ್ಟುಕೊಂಡು ಹೊರಟಳು.

"ಎಲ್ಲಿಗೆ ಮಗಾ?"

"ಸಭೆಗೆ."

ಕೂಸಪ್ಪ ತಡೆಯಲಿಲ್ಲ, ಹಿಂದೆ ಹೋದ. ಅವನು ಪಂಚಾಯತಿಯ ಮೆಟ್ಟಿಲು ಹತ್ತಿದವನಲ್ಲ. ಹೊರಗೆ ಕಿಟಕಿಯ ಹತ್ತಿರ ನಿಂತ. ಒಳಗೆ ವಾರಿಜ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡಳು.

"ಎಂತ ಅದು?" ಎಂದು ಕೇಳಿದರು ಪ್ರಧಾನರು.

"ನನ್ನ ಅವ್ವ," ಎಂದಳು. "ನನ್ನ ಅಜ್ಜ. ದೊಡ್ಡಪ್ಪಂದಿರು. ಇವರನ್ನು ಇಡ್ಲಿಕ್ಕೆ ಜಾಗ ಇಲ್ಲ. ಅದಕ್ಕೆ ಕರ್ಕೊಂಡು ಬಂದೆ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿಗಳು ಸದ್ದು ಮಾಡಿದವು. ಒಬ್ಬರು ಮೂಗಿಗೆ ಶಾಲು ಹಿಡಿದರು. ಒಬ್ಬರು "ಪೊಲೀಸರಿಗೆ ಹೇಳಿ, ಇವಳಿಗೆ ಮಂಡೆ ಸಮ ಇಲ್ಲ," ಎಂದರು. ಪ್ರಧಾನರು ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು, ಬೆಂಚಿಗೆ ಮೈ ತಾಗದಂತೆ ಓರೆಯಾಗಿ ದಾಟಿ ಹೊರಗೆ ಬಂದರು. ಕಾಲನಿಯ ಯಾವ ಮಾತೂ ಸಭೆಯನ್ನು ಹೀಗೆ ಎಬ್ಬಿಸಿರಲಿಲ್ಲ. ಎಬ್ಬಿಸಿತು, ಅಷ್ಟೆ. ಜೀಪು ಹೊರಟಿತು, ಅಂಗಳ ಬರಿದಾಯಿತು.

ಕೂಸಪ್ಪ ಚಪ್ಪಲಿಯಿಲ್ಲದ ಕಾಲನ್ನು ಒರೆಸಿಕೊಂಡು ಮೆಟ್ಟಿಲು ಹತ್ತಿದ. ಒಳಗೆ ಕುರ್ಚಿಗಳೆಲ್ಲ ಖಾಲಿ ಇದ್ದವು. ಆ ದಿನ ಒಂದೂ ಕಡಿಮೆ ಇರಲಿಲ್ಲ. ಆದರೂ ಬೆಂಚಿಗೇ ಹೋಗಿ ಬುಟ್ಟಿಯ ಇನ್ನೊಂದು ಬದಿಗೆ ಕೂತ.

ಪ್ಯೂನ್ ಬೀಗ ಹಿಡಿದುಕೊಂಡು ಬಂದ. "ಏಳಿ ಮಾರಾಯ್ರೆ, ಬಾಗಿಲು ಹಾಕ್ಬೇಕು."

"ಹಾಕು," ಎಂದಳು ವಾರಿಜ.

"ನೀವು ಒಳಗಿದ್ದೀರಲ್ಲ?"

"ಇರ್ತೇವೆ. ನೀನು ಹಾಕು."

ಅವನು ಬುಟ್ಟಿ ನೋಡಿದ. ಆಮೇಲೆ ಬಾಗಿಲೆಳೆದು ಬೀಗ ಹಾಕಿದ. ಅವನ ಸೈಕಲ್ಲಿನ ಸದ್ದು ದೂರವಾಯಿತು.

ಬೆಳಗಾದರೆ ಪೊಲೀಸು ಬರುತ್ತದೆ. ಬುಟ್ಟಿ ಹೋಗುತ್ತದೆ, ಮಗಳ ಮೆಂಬರಿಕೆಯೂ ಹೋಗಬಹುದು. ಗುಡ್ಡೆ ಸಿಗುವುದಿಲ್ಲ. ಇದೆಲ್ಲ ಕೂಸಪ್ಪನಿಗೆ ಗೊತ್ತಿತ್ತು. ವಾರಿಜಳಿಗೂ ಗೊತ್ತಿತ್ತು, ಅವಳು ಗೋಡೆಗೊರಗಿ ಕಣ್ಣು ಮುಚ್ಚಿದ್ದಳು, ರೆಪ್ಪೆಯಡಿಯಿಂದ ನೀರು ಇಳಿಯುತ್ತಿತ್ತು. ಹೊರಗೆ ಕತ್ತಲಾಗುತ್ತ ಬಂತು. ಮೇಲೆ ಹಂಚಿನ ಮಾಡು, ಎಲ್ಲೂ ಸೋರುತ್ತಿರಲಿಲ್ಲ. ಅಕ್ಕು ಇಂಥ ಮಾಡಿನ ಕೆಳಗೆ ಒಂದು ದಿನವೂ ಮಲಗಿದವಳಲ್ಲ.

ಹೆಣ ಇರುವ ಮನೆಯಲ್ಲಿ ಒಬ್ಬರಾದರೂ ಎಚ್ಚರ ಇರಬೇಕು. ಕೂಸಪ್ಪ ಬುಟ್ಟಿಯನ್ನು ಬೀಳದ ಹಾಗೆ ಬೆಂಚಿನ ಒಳಕ್ಕೆ ಸರಿಸಿದ.

"ನೀನು ಮಲಗು ಮಗಾ," ಎಂದ. "ನಾನು ಕೂತಿರ್ತೇನೆ."